ವಿಚ್ಛೇದನದ ಡಿಕ್ರಿ ಯಾರ ಕೈಯಲ್ಲಿದೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಜನಕ್ಕೆ ತೋಟದ ಕಾಗದದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಹಣಿ, ಪೋಡಿ ನಕ್ಷೆ, ಅಜ್ಜನ ಕಾಲದ ಕ್ರಯಪತ್ರ ಎಲ್ಲವೂ ಬೀರುವಿನಲ್ಲಿ ಭದ್ರವಾಗಿರುತ್ತವೆ. ಮನೆಮಗಳ ವಿಚ್ಛೇದನದ ಡಿಕ್ರಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ‘ವಕೀಲರ ಹತ್ತಿರ ಇರಬೇಕು’ ಎಂಬ ಉತ್ತರ ಬರುವುದೇ ಹೆಚ್ಚು. ಆ ನೋವಿನ ಕಾಗದವನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂಬ ಭಾವನೆ ಅರ್ಥವಾಗುವಂಥದೇ. ಆದರೆ ನಮ್ಮ ವ್ಯವಸ್ಥೆಯಲ್ಲಿ ಹುಟ್ಟು ಸಾವುಗಳಿಗೆ ನೋಂದಣಿ ಪುಸ್ತಕವಿದೆ, ಮದುವೆಗೆ ಉಪನೋಂದಣಾಧಿಕಾರಿಯ ಕಚೇರಿಯಿದೆ, ವಿಚ್ಛೇದನಕ್ಕೆ ಮಾತ್ರ ಅಂಥ ಯಾವ ಪುಸ್ತಕವೂ ಇಲ್ಲ. ಅದು ನಡೆದದ್ದಕ್ಕೆ ಮೂಲ ದಾಖಲೆ ನ್ಯಾಯಾಲಯದ ಆ ಒಂದು ಕಡತ. ಹೀಗಿರುವುದರಿಂದ ಡಿಕ್ರಿಯ ದೃಢೀಕೃತ ನಕಲನ್ನು ಬೇಕಾದಾಗ ಹುಡುಕಿದರಾಯಿತು ಎಂದು ಬಿಡುವುದು ತಪ್ಪು. ತೀರ್ಪಾದ ಕೂಡಲೇ ಪಡೆದು ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕು.

ಇದಕ್ಕೆ ಕಾನೂನೇ ಒತ್ತಾಸೆಯಾಗಿ ನಿಂತಿದೆ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ತಂದಾಗ 23ನೇ ಸೆಕ್ಷನ್ನಿಗೆ ಒಂದು ಉಪನಿಯಮ ಸೇರಿತು: ವಿಚ್ಛೇದನದ ಡಿಕ್ರಿ ಕೊಟ್ಟ ನ್ಯಾಯಾಲಯ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ದಾರಿ ಮಾಡಿದ್ದೂ ಅದೇ ತಿದ್ದುಪಡಿ. ಒಪ್ಪಿಗೆಯ ಮಾತು ಊರೂರಿಗೆ ಮುಟ್ಟಿತು. ಉಚಿತ ಪ್ರತಿಯ ವಿಷಯ ಕೋರ್ಟಿನ ಆವರಣದಲ್ಲೇ ಉಳಿಯಿತು. ತೀರ್ಪಿನ ದಿನ ವಕೀಲರಿಗೆ ‘ನನ್ನ ಪ್ರತಿ ನನ್ನ ಕೈಗೇ ಬರಲಿ ಸಾರ್’ ಎಂದು ಹೇಳುವುದು ಅನುಮಾನದ ಮಾತೂ ಅಲ್ಲ, ಅಗೌರವವೂ ಅಲ್ಲ.

ಆ ದಿನ ತಪ್ಪಿಹೋಗಿದ್ದರೆ ಹುಡುಕಾಟ ಶುರುವಾಗುತ್ತದೆ. ಮೊದಲು ತಿಳಿಯಬೇಕಾದದ್ದು ಯಾವ ಊರಿನ ನ್ಯಾಯಾಲಯ ಎಂಬುದು. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿ ಇಲ್ಲದ ತಾಲ್ಲೂಕುಗಳಲ್ಲಿ ಈ ಪ್ರಕರಣಗಳನ್ನು ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರು ನಡೆಸುತ್ತಾರೆ. ಒಂದು ತಾಲ್ಲೂಕಿಗೆ ಆ ಪೀಠ ಬರುವ ಮುಂಚಿನ ಪ್ರಕರಣವಾದರೆ ಕಡತ ಪಕ್ಕದ ಊರಿನಲ್ಲೋ ತುಮಕೂರಿನಲ್ಲೋ ಇರಬಹುದು. ಇನ್ನೂ ಒಂದು ತೊಡಕಿದೆ. ಅರ್ಜಿಯನ್ನು ಮದುವೆ ನಡೆದ ಊರಿನಲ್ಲಿ ಹಾಕಬಹುದು, ಎದುರುದಾರರು ವಾಸವಿರುವಲ್ಲಿ ಹಾಕಬಹುದು, ದಂಪತಿ ಕೊನೆಯದಾಗಿ ಒಟ್ಟಿಗಿದ್ದಲ್ಲಿಯೂ ಹಾಕಬಹುದು. 2003ರ ತಿದ್ದುಪಡಿಯ ನಂತರ, ಅರ್ಜಿದಾರಳು ಹೆಂಡತಿಯಾದರೆ ಆಕೆ ಈಗಿರುವ ಊರೂ ಆದೀತು. ಅರಸೀಕೆರೆಯಿಂದ ತಿಪಟೂರಿಗೆ, ನಾಗಮಂಗಲದಿಂದ ತುರುವೇಕೆರೆಗೆ, ಹೊಸದುರ್ಗದಿಂದ ಹುಳಿಯಾರಿಗೆ ಹೆಣ್ಣು ಕೊಟ್ಟು ತರುವ ಸೀಮೆ ಇದು. ಆಕೆ ತವರಿಗೆ ಹೋಗಿ ಅರ್ಜಿ ಹಾಕಿದ್ದರೆ ಕಡತ ಹಾಸನ, ಮಂಡ್ಯ ಅಥವಾ ಚಿತ್ರದುರ್ಗ ಜಿಲ್ಲೆಯ ಕೋರ್ಟಿನಲ್ಲಿರುತ್ತದೆ. ತಿಪಟೂರಿನ ರೆಕಾರ್ಡ್ ರೂಮನ್ನು ತಲೆಕೆಳಗು ಮಾಡಿದರೂ ಅದು ಅಲ್ಲಿ ಸಿಗುವುದಿಲ್ಲ.

ಊರು ಗೊತ್ತಾದ ಮೇಲೆ ಬೇಕಾದದ್ದು ಎಂ.ಸಿ. (ದಾಂಪತ್ಯ ಪ್ರಕರಣದ) ನಂಬರು ಮತ್ತು ವರ್ಷ. ಹಳೆಯ ಸಮನ್ಸ್, ವಕೀಲರ ಡೈರಿ, ಜೀವನಾಂಶದ ಅರ್ಜಿ, ಎಲ್ಲಿಯಾದರೂ ಅದು ನಮೂದಾಗಿರುತ್ತದೆ. ಈಚಿನ ಪ್ರಕರಣವಾದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ವರ್ಷ ಆರಿಸಿ ಹುಡುಕಬಹುದು. ಪ್ರತಿ ಪ್ರಕರಣಕ್ಕೂ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಮುಗಿದ ಪ್ರಕರಣವಾದ್ದರಿಂದ ‘ವಿಲೇವಾರಿ’ ಆದವುಗಳಲ್ಲೇ ನೋಡಬೇಕು, ಬಾಕಿ ಇರುವವುಗಳಲ್ಲಿ ನೋಡಿ ಇಲ್ಲವೆಂದು ಕೈಬಿಡಬಾರದು. ದಾಂಪತ್ಯದ ಪ್ರಕರಣಗಳ ವಿವರ ಅಲ್ಲಿ ಪೂರ್ತಿ ಕಾಣಿಸದೆಯೂ ಇರಬಹುದು. ಕಂಡರೂ, ಇಳಿಸಿಕೊಂಡ ಪ್ರತಿ ಓದುವುದಕ್ಕೆ ಮಾತ್ರ. ಕಚೇರಿಗಳು ಕೇಳುವುದು ನಕಲು ವಿಭಾಗದ ಮೊಹರು, ಸಹಿ ಇರುವ ದೃಢೀಕೃತ ನಕಲನ್ನು. ಅದಕ್ಕೆ ಪ್ರಕರಣದ ನಂಬರು, ಉಭಯರ ಹೆಸರು, ತೀರ್ಪಿನ ದಿನಾಂಕ ಬರೆದು, ಕೋರ್ಟ್ ಫೀ ಹಚ್ಚಿ ಅರ್ಜಿ ಕೊಡಬೇಕು. ತೀರ್ಪು, ಡಿಕ್ರಿ ಎರಡನ್ನೂ ಕೇಳುವುದು ಒಳ್ಳೆಯದು: ತೀರ್ಪು ಕಾರಣ ಹೇಳುತ್ತದೆ, ಡಿಕ್ರಿ ಫಲಿತಾಂಶ ಹೇಳುತ್ತದೆ. ರಾಜಿಯಲ್ಲಿ ಮುಗಿದಿದ್ದರೆ ರಾಜಿ ಅರ್ಜಿಯ ನಕಲನ್ನೂ ಬಿಡಬಾರದು. ಹಣ, ಒಡವೆ, ಮಗುವಿನ ಜವಾಬ್ದಾರಿಯ ಮಾತೆಲ್ಲ ಅದರಲ್ಲೇ ಇರುತ್ತದೆ.

ಇಷ್ಟು ತಾಪತ್ರಯ ಯಾಕೆ, ಪಾಸ್‌ಪೋರ್ಟ್ ಕಚೇರಿಯೇ ವಿಚ್ಛೇದನದ ಡಿಕ್ರಿ ಬೇಡವೆಂದು 2016ರಲ್ಲಿ ಹೇಳಿದೆಯಲ್ಲ ಎಂದು ಕೇಳಬಹುದು. ನಿಜ, ವಿದೇಶಾಂಗ ಸಚಿವಾಲಯ ಆ ವರ್ಷ ನಿಯಮ ಸಡಿಲಿಸಿತು. ಆದರೆ ತೆಂಗಿನ ತೋಟಕ್ಕೆ ಆ ಸಡಿಲಿಕೆ ಅನ್ವಯಿಸುವುದಿಲ್ಲ. ಗಂಡ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ ಮೊದಲ ದರ್ಜೆಯ ವಾರಸುದಾರಳು. ವಿಚ್ಛೇದನ ಪಡೆದವಳಿಗೆ ಆ ಸ್ಥಾನ ಇಲ್ಲ, ಮಕ್ಕಳ ಹಕ್ಕು ಮಾತ್ರ ಹಾಗೆಯೇ ಉಳಿಯುತ್ತದೆ. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಮೊದಲ ಹೆಂಡತಿಯ ಹೆಸರು ಸೇರಬೇಕೇ ಬೇಡವೇ ಎಂಬುದು ಈ ಒಂದು ಕಾಗದದ ಮೇಲೆ ನಿಂತಿರುತ್ತದೆ. ಮೊದಲ ಮದುವೆ ಕಾನೂನಿನಂತೆ ಮುರಿಯದೆ ಆದ ಎರಡನೇ ಮದುವೆ ಅಸಿಂಧು. ಅದರ ಪೆಟ್ಟು ಬೀಳುವುದು, ಏನೂ ಗೊತ್ತಿಲ್ಲದೆ ಮನೆ ಸೇರಿದ ಎರಡನೆಯವಳ ಮೇಲೆ. ಇನ್ನೊಂದು ಕಡೆಯಿಂದ ನೋಡಿದರೆ, ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ನಿನಡಿ ಕಾಯಂ ಜೀವನಾಂಶಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಭಾರ ಹೊರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ತೋಟ ಮಾರಾಟಕ್ಕೆ ಹೊರಟಾಗ ಆದೇಶದ ನಕಲೇ ಕೈಯಲ್ಲಿಲ್ಲದ ಹೆಂಗಸು ಯಾವುದನ್ನು ತೋರಿಸಿ ತಡೆದಾಳು? ವಿಚ್ಛೇದಿತೆಯರಿಗೂ ಸಲ್ಲುವ ಮನಸ್ವಿನಿ ಮಾಸಾಶನಕ್ಕೂ ವಿಚ್ಛೇದನದ ಪುರಾವೆ ಕೇಳಬಹುದು.

ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ. ನಮ್ಮಲ್ಲಿ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ, ಇಬ್ಬರ ಸಹಿ ಹಾಕಿಸಿ ಮುಗಿಸುತ್ತಾರೆ, ಕೋರ್ಟಿನ ಗೊಡವೆ ಯಾಕೆ ಎನ್ನುವವರಿದ್ದಾರೆ. ಈ ಮಾತನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. 1955ರ ಕಾಯ್ದೆಯ 29ನೇ ಸೆಕ್ಷನ್ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಕೆಲವು ಸಮುದಾಯಗಳಲ್ಲಿ ಬಿಡುಗಡೆ, ಕೂಡಾವಳಿ ಎಂಬ ಮರುಮದುವೆ ಎರಡೂ ಕಾಯ್ದೆಗಿಂತ ಬಹಳ ಹಳೆಯವು, ಹೆಣ್ಣಿಗೆ ಮರುಬಾಳು ಕೊಟ್ಟಂಥವು. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಇದೆಯೆಂದು ಹೇಳಿಕೊಳ್ಳುವವರೇ ಅದನ್ನು ಸಾಕ್ಷಿಸಹಿತ ರುಜುವಾತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ. ಇಪ್ಪತ್ತು ವರ್ಷದ ನಂತರ, ಪಂಚಾಯ್ತಿಗೆ ಕೂತ ಹಿರಿಯರು ಒಬ್ಬರೂ ಇಲ್ಲದಿರುವಾಗ ಯಾರನ್ನು ಕರೆದು ಸಾಕ್ಷಿ ಹೇಳಿಸುವುದು? ರೂಢಿಯೇ ಇಲ್ಲದ ಸಮುದಾಯದಲ್ಲಿ ಆ ಪತ್ರಕ್ಕೆ ಛಾಪಾ ಕಾಗದದ ಬೆಲೆಗಿಂತ ಹೆಚ್ಚಿನ ಬೆಲೆಯಿಲ್ಲ. ಬಿಡುಗಡೆ ಪತ್ರ ಇರುವವರು ಹಿರಿಯರು ಬದುಕಿರುವಾಗಲೇ ನ್ಯಾಯಾಲಯದಿಂದ ಘೋಷಣೆಯ ಡಿಕ್ರಿ ಪಡೆಯುವುದು ಮೇಲು.

ಹಾಗಾದರೆ ಈ ದಾಖಲೆ ಎಲ್ಲರಿಗೂ ತೆರೆದಿರಬಾರದೇ? ಅಮೆರಿಕದ ಅನೇಕ ಕೌಂಟಿ ಕೋರ್ಟುಗಳಲ್ಲಿ ಗುಮಾಸ್ತರಿಗೆ ಶುಲ್ಕ ಕಟ್ಟಿದರೆ ಬೇರೆಯವರ ಡಿಕ್ರಿಯೂ ಸಿಗುತ್ತದೆ. ಗಂಡಿನ ಹಿಂದುಮುಂದು ವಿಚಾರಿಸುವ ಹೆಣ್ಣಿನ ಮನೆಯವರಿಗೆ ಅದು ಅನುಕೂಲವಲ್ಲವೇ ಎಂಬ ವಾದ ಬರಬಹುದು. ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ನಿನಂತೆ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯಬೇಕು, ಅದರ ವಿವರ ಅಚ್ಚು ಮಾಡಿದರೆ 1,000 ರೂಪಾಯಿವರೆಗೆ ದಂಡ. ಮೂರನೆಯವರು ನಕಲು ಕೇಳಿದರೆ ಕಾರಣ ವಿವರಿಸಿ ಪ್ರಮಾಣಪತ್ರ ಸಲ್ಲಿಸಿ ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಇದನ್ನು ದಾಟಲಾಗದು, ಕೋರ್ಟಿನ ನಕಲನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿಯಾಗಿದೆ. ಇದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ. ಎಲ್ಲರಿಗೂ ಎಲ್ಲರ ನೆಂಟಸ್ತಿಕೆ ಗೊತ್ತಿರುವ ಸಣ್ಣ ಊರುಗಳಲ್ಲಿ ಕ್ರೌರ್ಯದ ಆರೋಪ, ವೈದ್ಯರ ವರದಿಗಳಿರುವ ಕಡತ ಸಂತೆಗೆ ಬಂದರೆ ಹೆಚ್ಚು ಸೋಲುವವಳು ಹೆಂಗಸು. ಸಂಬಂಧ ವಿಚಾರಿಸುವವರಿಗೂ ಇದರಿಂದ ದಾರಿ ಮುಚ್ಚಿಲ್ಲ: ‘ನಿಮ್ಮ ಡಿಕ್ರಿಯ ದೃಢೀಕೃತ ನಕಲು ತೋರಿಸಿ’ ಎಂದು ಗಂಡಿನ ಕಡೆಯವರನ್ನೇ ಕೇಳಬಹುದು. ತೋರಿಸಿದ ಮೇಲೆ, ಮೇಲ್ಮನವಿಯ 90 ದಿನ ಕಳೆದಿದೆಯೇ, ಮೇಲ್ಮನವಿ ಹಾಕಿದ್ದರೆ ಏನಾಯಿತು ಎಂದೂ ನೋಡಬೇಕು. ಅದಕ್ಕೆ ಮುಂಚೆ ಮರುಮದುವೆಗೆ ಕಾನೂನಿನ ಒಪ್ಪಿಗೆಯಿಲ್ಲ.

ಹುಡುಕಿದರೂ ಕಡತ ಸಿಗದಿದ್ದರೆ ‘ಇಲ್ಲ’ ಎಂಬ ಬಾಯಿಮಾತಿಗೆ ಹಿಂತಿರುಗಬಾರದು. ಅರ್ಜಿ ಕೊಟ್ಟು, ಲಭ್ಯವಿಲ್ಲವೆಂಬ ಹಿಂಬರಹವನ್ನು ಬರಹದಲ್ಲೇ ಪಡೆಯಬೇಕು. ಆಮೇಲೆ ಪ್ರಕರಣ ದಾಖಲಾದ, ವಿಲೇವಾರಿಯಾದ ರಿಜಿಸ್ಟರಿನ ನಮೂದಿಗೆ ಅರ್ಜಿ ಹಾಕಬಹುದು. ಎದುರು ಕಕ್ಷಿದಾರರ ಬಳಿ ಹಳೆಯ ನಕಲು ಉಳಿದಿದ್ದರೆ, ಆ ಹಿಂಬರಹದ ಜೊತೆ ಅದನ್ನು ನ್ಯಾಯಾಲಯದ ಮುಂದಿಟ್ಟು ಕಡತವನ್ನು ಮರುರೂಪಿಸಿಕೊಡಿ ಎಂದು ಕೇಳಲು ದಾರಿಯಿದೆ.