ಚೆಸ್ಟರ್ ಬೋಲ್ಸ್: ಎರಡು ಸರ್ಕಾರಗಳ ನಡುವಿನ ರಾಯಭಾರಿ

ಭಾರತದಲ್ಲಿದ್ದ ಅಮೆರಿಕದ ರಾಯಭಾರಿಗಳ ಪ್ರಸ್ತಾಪ ಬಂದಾಗ ನಮ್ಮ ವಿದ್ವತ್ ವಲಯ ಸಾಮಾನ್ಯವಾಗಿ ಗಾಲ್‌ಬ್ರೇತ್ ಅವರನ್ನು ಸ್ಮರಿಸುತ್ತದೆ. ಅವರಿಗಿಂತ ಮೊದಲು ಒಮ್ಮೆ (1951-53), ಅವರ ಅನಂತರ ಮತ್ತೊಮ್ಮೆ (1963-69) ಅದೇ ಹುದ್ದೆಯನ್ನು ನಿರ್ವಹಿಸಿದ ಚೆಸ್ಟರ್ ಬೋಲ್ಸ್ ಅವರ ಸಾಧನೆ ಮತ್ತು ಸೋಲುಗಳು ಇನ್ನೂ ಸೂಕ್ಷ್ಮವಾದ ಅಧ್ಯಯನಕ್ಕೆ ಅರ್ಹವಾಗಿವೆ. ತಮ್ಮ ಸರ್ಕಾರದ ಮಾತನ್ನು ಭಾರತಕ್ಕೆ ತಲುಪಿಸಿದಷ್ಟೇ ಆಸ್ಥೆಯಿಂದ ಭಾರತದ ಸ್ಥಿತಿಯನ್ನು ತಮ್ಮ ಸರ್ಕಾರಕ್ಕೆ ಮನಗಾಣಿಸಲು ಅವರು ಯತ್ನಿಸಿದರು. ಈ ಎರಡನೆಯ ಕಾರ್ಯದಲ್ಲಿ ಅವರು ಬಹುತೇಕ ವಿಫಲರಾದರು.

ಬೋಲ್ಸ್ ಜನಿಸಿದ್ದು 1901ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಯೇಲ್‌ನಲ್ಲಿ ವ್ಯಾಸಂಗ ಮುಗಿಸಿ, 1929ರಲ್ಲಿ ವಿಲಿಯಂ ಬೆಂಟನ್ ಅವರೊಡನೆ ಜಾಹೀರಾತು ಸಂಸ್ಥೆಯೊಂದನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಬೆಲೆ ನಿಯಂತ್ರಣ ಮತ್ತು ಪಡಿತರದ ರಾಷ್ಟ್ರೀಯ ಕಚೇರಿಯ ಮುಖ್ಯಸ್ಥರಾದರು. 1949ರಲ್ಲಿ ಕನೆಕ್ಟಿಕಟ್ ರಾಜ್ಯದ ಗವರ್ನರ್ ಆದರು. ಮರುವರ್ಷದ ಚುನಾವಣೆಯಲ್ಲಿ ಸೋತರು. ಅಧ್ಯಕ್ಷ ಟ್ರೂಮನ್ ಅವರನ್ನು ದೆಹಲಿಗೆ ಕಳುಹಿಸಿದ್ದು ಆ ಸೋಲಿನ ಅನಂತರವೇ. ಹೀಗೆ ಅವರು ರಾಜತಾಂತ್ರಿಕತೆಗಿಂತ ಮೊದಲು ಆಡಳಿತವನ್ನು ಬಲ್ಲವರಾಗಿದ್ದರು.

ದೆಹಲಿಯ ರಟೆಂಡನ್ ರಸ್ತೆಯ ಸಾಮಾನ್ಯ ಬಂಗಲೆಯೇ ಅವರಿಗೆ ಪ್ರಿಯವಾಗಿತ್ತು. ಎರಡನೆಯ ಅವಧಿಯಲ್ಲಿ, ಹೊಸದಾಗಿ ನಿರ್ಮಾಣವಾಗಿದ್ದ ಭವ್ಯ ರೂಸ್‌ವೆಲ್ಟ್ ಭವನವನ್ನು ಬಿಟ್ಟು ಅವರು ಅಲ್ಲಿಯೇ ವಾಸಿಸಿದರು. 1952ರ ಜನವರಿಯ ಭಾರತ-ಅಮೆರಿಕ ತಾಂತ್ರಿಕ ಸಹಕಾರ ಒಪ್ಪಂದದಲ್ಲಿ ಅವರ ಪಾತ್ರ ಹಿರಿದು. ಅದರ ಬೆಂಬಲದೊಡನೆ ಅದೇ ವರ್ಷದ ಅಕ್ಟೋಬರ್ 2ರಂದು 55 ಸಮುದಾಯ ಅಭಿವೃದ್ಧಿ ಯೋಜನೆಗಳು ಆರಂಭಗೊಂಡವು. ಇದರ ಮೂಲ ಕಲ್ಪನೆ ಅಮೆರಿಕದ್ದಷ್ಟೇ ಎನ್ನುವುದು ಸರಿಯಲ್ಲ. ಉತ್ತರ ಪ್ರದೇಶದ ಇಟಾವಾದಲ್ಲಿ 1948ರಲ್ಲಿ ಆಲ್ಬರ್ಟ್ ಮೇಯರ್ ಅವರ ಮಾರ್ಗದರ್ಶನದಲ್ಲಿ ಆರಂಭವಾದ ಪ್ರಯೋಗ ಅದಕ್ಕೆ ಮಾದರಿಯಾಗಿತ್ತು. ಅದನ್ನು ದೇಶವ್ಯಾಪಿಯಾಗಿ ವಿಸ್ತರಿಸಬಹುದೆಂಬ ಉತ್ಸಾಹ ಬೋಲ್ಸ್ ಅವರದು. ಭೂಸುಧಾರಣೆಯಿಲ್ಲದೆ ಗ್ರಾಮೋದ್ಧಾರ ಅಪೂರ್ಣವೆಂಬುದನ್ನೂ ಅವರು ಅರಿತಿದ್ದರು. ಆದರೆ ಭೂಮಿಯ ಒಡೆತನದ ಪ್ರಶ್ನೆಯನ್ನು ಇತ್ಯರ್ಥಗೊಳಿಸುವುದು ಪರದೇಶದ ರಾಯಭಾರಿಯ ಕೈಯಲ್ಲಿರಲಿಲ್ಲ. ಕಾರ್ಯಕ್ರಮವು ಜನರ ಪಾಲ್ಗೊಳ್ಳುವಿಕೆಯನ್ನು ಸಾಧಿಸಿಲ್ಲವೆಂದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಗುರುತಿಸಿತು. ಪಂಚಾಯತ್ ರಾಜ್ ವ್ಯವಸ್ಥೆಗೆ ದಾರಿಯಾದದ್ದು ಆ ವರದಿ. ಮೈಸೂರು ರಾಜ್ಯದ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮವೂ (1959) ಆ ಕಾಲಘಟ್ಟದ್ದೇ.

1953ರಲ್ಲಿ ಐಸೆನ್‌ಹೋವರ್ ಆಡಳಿತ ಬಂದೊಡನೆ ಬೋಲ್ಸ್ ಹುದ್ದೆ ತೊರೆಯಬೇಕಾಯಿತು. ಮರುವರ್ಷ ಪಾಕಿಸ್ತಾನಕ್ಕೆ ಸೈನಿಕ ನೆರವು ನೀಡುವ ಒಪ್ಪಂದವಾಯಿತು. ಅದು ಉಪಖಂಡವನ್ನು ಶಸ್ತ್ರಸ್ಪರ್ಧೆಗೆ ನೂಕುವುದೆಂಬ ಅವರ ಆಕ್ಷೇಪಣೆಗೆ ಮನ್ನಣೆ ದೊರೆಯಲಿಲ್ಲ. 1965ರ ಯುದ್ಧದಲ್ಲಿ ಆ ಶಸ್ತ್ರಗಳು ಭಾರತದ ವಿರುದ್ಧವೇ ಬಳಕೆಯಾದವು. ಕೆನಡಿ ಆಡಳಿತದಲ್ಲಿ ವಿದೇಶಾಂಗ ಇಲಾಖೆಯ ಎರಡನೆಯ ಸ್ಥಾನಕ್ಕೇರಿದಾಗಲೂ ಅದೇ ಕಥೆ. 1961ರ ಕ್ಯೂಬಾ ದಾಳಿಯನ್ನು ಅವರು ಮೊದಲೇ ವಿರೋಧಿಸಿದ್ದರು. ದಾಳಿ ಸೋತಿತು; ಅದೇ ವರ್ಷದ ನವೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡವರು ಬೋಲ್ಸ್. ವಿರೋಧದ ಸುದ್ದಿ ಪತ್ರಿಕೆಗಳಿಗೆ ತಲುಪಿದ್ದು ಕೆನಡಿಯವರ ಆಪ್ತ ಬಳಗಕ್ಕೆ ರುಚಿಸಿರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು.

ಎರಡನೆಯ ಅವಧಿಯಲ್ಲಿ ಭಾರತಕ್ಕೆ ದೀರ್ಘಾವಧಿಯ ಸೈನಿಕ ನೆರವು ದೊರಕಿಸಲು ಅವರು ಶ್ರಮಿಸಿದರು. 1963ರ ನವೆಂಬರ್‌ನಲ್ಲಿ ಕೆನಡಿ ಹತ್ಯೆಯಾಯಿತು. 1964ರ ಮೇ ತಿಂಗಳಲ್ಲಿ ರಕ್ಷಣಾ ಸಚಿವ ಚವಾಣ್ ಅಮೆರಿಕದಲ್ಲಿರುವಾಗಲೇ ನೆಹರೂ ನಿಧನರಾದರು. ಭಾರತ ಸೋವಿಯತ್ ಒಕ್ಕೂಟದತ್ತ ಇನ್ನಷ್ಟು ವಾಲಿತು. ಮುಂದೆ ಬರಗಾಲದ ವರ್ಷಗಳಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯ ರವಾನೆಯನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡು, ಸ್ವಲ್ಪ ಸ್ವಲ್ಪವಾಗಿ ಬಿಡುಗಡೆ ಮಾಡತೊಡಗಿದಾಗ ಬೋಲ್ಸ್ ಪ್ರತಿಭಟಿಸಿದರು. ಅವರ ತಂತಿಸಂದೇಶಗಳಿಗೆ ವಾಷಿಂಗ್ಟನ್‌ನಲ್ಲಿ ಅಷ್ಟು ಹೊತ್ತಿಗೆ ಬೆಲೆ ಕುಗ್ಗಿತ್ತು. ಹಾಗಿದ್ದೂ, 1967ರ ಮಾರ್ಚ್ 6ರಂದು ಸ್ಟಾಲಿನ್ನರ ಮಗಳು ಸ್ವೆಟ್ಲಾನಾ ಆಶ್ರಯ ಕೋರಿ ರಾಯಭಾರ ಕಚೇರಿಗೆ ಬಂದಾಗ, ಮೇಲಿನ ಆದೇಶಕ್ಕೆ ಕಾದು ಕೂರದೆ ಆ ರಾತ್ರಿಯೇ ಆಕೆಯನ್ನು ರೋಮ್‌ಗೆ ಕಳುಹಿಸಿದ ನಿರ್ಧಾರ ಅವರದೇ.

ಪಾರ್ಕಿನ್ಸನ್ ಕಾಯಿಲೆಯಿಂದ ದೇಹ ಕುಗ್ಗುತ್ತಿದ್ದರೂ 1969ರವರೆಗೆ ಅವರು ದೆಹಲಿಯಲ್ಲಿ ಕಾರ್ಯನಿರ್ವಹಿಸಿದರು. ಅವರ ಆತ್ಮಕಥೆ ‘ಪ್ರಾಮಿಸಸ್ ಟು ಕೀಪ್’ 1971ರಲ್ಲಿ ಪ್ರಕಟವಾಯಿತು. ಅದರೊಡನೆ, ಅವರ ಅಧೀನದಲ್ಲಿ ಸೇವೆ ಸಲ್ಲಿಸಿದ್ದ ಹೋವರ್ಡ್ ಶ್ಯಾಫರ್ ಬರೆದ ಜೀವನಚರಿತ್ರೆಯನ್ನೂ (1993) ಸಂಶೋಧಕರು ಓದುವುದು ಅಗತ್ಯ. ಬೋಲ್ಸ್ ಅವರ ಕಾಗದಪತ್ರಗಳು ಯೇಲ್ ವಿಶ್ವವಿದ್ಯಾಲಯದಲ್ಲಿವೆ.