ಏರು ಹತ್ತದ ಹಳೆಯ ಜೀಪು: ಎಂಜಿನ್ ಬಿಚ್ಚಿಸುವ ಮುನ್ನ

ಕೊಯ್ಲಿನ ಕಾಲ ಬಂತೆಂದರೆ ಹಳೆಯ ಜೀಪಿನ ಶಕ್ತಿ ಎಷ್ಟೆಂಬುದು ಬಯಲಾಗುತ್ತದೆ. ಮಳೆಗಾಲವೆಲ್ಲ ಪೇಟೆಗೆ ಹೋಗಿಬರುವಷ್ಟಕ್ಕೆ ಚೆನ್ನಾಗಿಯೇ ಓಡಿದ ಗಾಡಿ, ಕಾಫಿ ಹಣ್ಣಿನ ಚೀಲಗಳನ್ನೋ ಅಡಿಕೆ ಗೊನೆಗಳನ್ನೋ ಹೇರಿದ ದಿನ ತೋಟದ ಏರಿನಲ್ಲಿ ಏದುಸಿರು ಬಿಡುತ್ತದೆ. ಹೋದ ವರ್ಷ ಎರಡನೆಯ ಗೇರಿನಲ್ಲಿ ಹತ್ತಿದ ಜಾಗದಲ್ಲಿ ಈ ವರ್ಷ ಒಂದನೆಯ ಗೇರೂ ಸಾಲುವುದಿಲ್ಲ. ಆಗ ನಮಗೂ ಮೆಕ್ಯಾನಿಕ್ಕಿಗೂ ಥಟ್ಟನೆ ಹೊಳೆಯುವ ಉತ್ತರ ಒಂದೇ: "ಗಾಡಿ ಬಹಳ ಓಡಿದೆ, ಬೋರ್ ಹೋಗಿದೆ, ಎಂಜಿನ್ ಕೆಲಸ ಮಾಡಿಸಬೇಕು."

ಈ ಉತ್ತರ ಕೆಲವೊಮ್ಮೆ ನಿಜ. ಆದರೆ ಅನೇಕ ಸಲ ಅಲ್ಲ. ಎಂಜಿನ್ ಕೆಲಸವೆಂದರೆ ಸಣ್ಣ ಬೆಳೆಗಾರನಿಗೆ ಕೊಯ್ಲಿನ ಆಳು ಸಂಬಳಕ್ಕೆಂದು ಇಟ್ಟ ಹಣ ಕರಗಿಹೋಗುವಷ್ಟು ಖರ್ಚು. ಜೊತೆಗೆ ಕೆಲಸದ ಭರದಲ್ಲಿ ಗಾಡಿ ವಾರಗಟ್ಟಲೆ ಮನೆಯಲ್ಲಿಲ್ಲದ ಕಷ್ಟ. ಈ ಲೇಖಕನಿಗೆ ಇದರ ಅನುಭವವಿದೆ. ನಮ್ಮ ಡೀಸೆಲ್ ಜೀಪು ಎಳೆಯದಾದಾಗ ಹೆಡ್ ಇಳಿಸಿ, ಪಿಸ್ಟನ್ ರಿಂಗು ಬದಲಿಸಿ, ದುಡ್ಡು ತೆತ್ತು ಮನೆಗೆ ತಂದೆವು. ಮಾರನೆಯ ದಿನ ಅದೇ ಏರಿನಲ್ಲಿ, ಅದೇ ತಿರುವಿನಲ್ಲಿ, ಅದೇ ರೀತಿ ಸೋತಿತು. ಕೊನೆಗೆ ಸಿಕ್ಕಿದ ಕಾರಣ ಡೀಸೆಲ್ ಟ್ಯಾಂಕಿನೊಳಗಿನ ಜರಡಿಗೆ ಮೆತ್ತಿಕೊಂಡಿದ್ದ ಲೋಳೆ. ತೊಳೆಯಲು ಹಿಡಿದದ್ದು ಒಂದು ಬೆಳಗಿನ ಹೊತ್ತು. ಆದುದರಿಂದ ಎಂಜಿನ್ ಬಿಚ್ಚಿಸಲು ಒಪ್ಪುವ ಮುನ್ನ ಕ್ರಮವಾಗಿ ಏನೇನು ನೋಡಬೇಕೆಂಬುದನ್ನು ಇಲ್ಲಿ ತಿಳಿಸಲಾಗಿದೆ. ಸುಲಭವಾದದ್ದು, ಖರ್ಚಿಲ್ಲದ್ದು ಮೊದಲು. ಬಿಚ್ಚುವ ಕೆಲಸ ಕೊನೆಗೆ.

ಮೊದಲು ದೂರು ನಿಜವೇ ನೋಡಿ

ಎಳೆತ ಕಡಿಮೆಯಾಗಿದೆಯೆಂಬುದನ್ನು ಅಂದಾಜಿನಿಂದ ಹೇಳಬಾರದು. ಪರಿಚಿತವಾದ ಒಂದು ಏರನ್ನು ಗೊತ್ತುಮಾಡಿಕೊಂಡು, ಅಷ್ಟೇ ಹೊರೆ, ಅದೇ ಗೇರು ಇಟ್ಟು ಹತ್ತಿಸಿ ನೋಡಬೇಕು. ಗಾಲಿಗಳಲ್ಲಿ ಗಾಳಿ ಸರಿಯಾಗಿರಲಿ. ಕೆಸರಿಗೆಂದು ದೊಡ್ಡ ಟಯರು ಹಾಕಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟಯರಿನ ಸುತ್ತಳತೆ ಶೇಕಡಾ 10 ಹೆಚ್ಚಿದರೆ ನೆಲದ ಮೇಲಿನ ಎಳೆತ ಸುಮಾರು ಅಷ್ಟೇ ತಗ್ಗುತ್ತದೆ. ಅದು ಎಂಜಿನ್ನಿನ ತಪ್ಪಲ್ಲ.

ಎತ್ತರದ ಪ್ರಭಾವವೂ ಇದೆ. ಸಮುದ್ರಮಟ್ಟದಿಂದ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಗಾಡಿ, ಸಾವಿರ ಮೀಟರಿಗೂ ಎತ್ತರದಲ್ಲಿರುವ ಚಿಕ್ಕಮಗಳೂರು ಅಥವಾ ಮಡಿಕೇರಿಯಲ್ಲಿ ಹತ್ತರಲ್ಲಿ ಒಂದು ಪಾಲು ಸೋಲುವುದು ಸಹಜ. ಕೆಳಗಿನಿಂದ ಹೊಸದಾಗಿ ಕೊಂಡು ತಂದ ಹಳೆಯ ಗಾಡಿಯಾದರೆ ಇದನ್ನು ಮರೆಯಬಾರದು.

ಹಿಡಿದಿಟ್ಟಿರುವುದು ಯಾವುದು?

ಎಂಜಿನ್ ಶಕ್ತಿ ಕೊಡುತ್ತಿದ್ದರೂ ಅದು ನಡುವೆ ಪೋಲಾಗುತ್ತಿರಬಹುದು. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕಿನ ತಂತಿಗೆ ತುಕ್ಕು ಹಿಡಿದು, ಬಿಟ್ಟರೂ ಪೂರ್ತಿ ಸಡಿಲವಾಗದೆ ಬ್ರೇಕು ಉಜ್ಜುತ್ತಲೇ ಇರುವುದು ನಮ್ಮ ಕಡೆ ಸಾಮಾನ್ಯ. ಐದಾರು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಪ್ರತಿ ಗಾಲಿಯ ನಡುಭಾಗದ ಹತ್ತಿರ, ಮುಟ್ಟದೆ, ಅಂಗೈ ಹಿಡಿಯಿರಿ. ಒಂದು ಗಾಲಿ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಎಂದೇ ತಿಳಿಯಿರಿ. ಗಾಡಿಯನ್ನು ಭದ್ರವಾಗಿ ಜಾಕಿ ಎತ್ತಿ, ಇತರ ಗಾಲಿಗಳಿಗೆ ಕಲ್ಲು ಕೊಟ್ಟು, ಆ ಗಾಲಿಯನ್ನು ಕೈಯಿಂದ ತಿರುಗಿಸಿದರೆ ಖಚಿತವಾಗುತ್ತದೆ. ಕೆಸರಿಗೆ ಹಾಕಿದ ಫೋರ್‌ವೀಲ್ ಗೇರನ್ನು ಡಾಂಬರು ರಸ್ತೆಗೆ ಬಂದ ಮೇಲೂ ತೆಗೆಯದಿದ್ದರೆ ಸಹ ಗಾಡಿ ಬಿಗಿಯಾಗಿ ಓಡುತ್ತದೆ.

ಎರಡನೆಯದು ಕ್ಲಚ್ಚು. ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ಚು ಜಾರುತ್ತಿದೆ. ಪರೀಕ್ಷೆ ಹೀಗೆ: ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕು ಬಿಗಿದು, ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ನಿಂತುಹೋದರೆ ಕ್ಲಚ್ಚು ಸರಿ. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ಚಿನ ಕೆಲಸವಾಗಬೇಕು. ಇದನ್ನು ಒಮ್ಮೆ ಮಾತ್ರ ಮಾಡಿ. ಪದೇ ಪದೇ ಮಾಡಿದರೆ ಇದ್ದ ಕ್ಲಚ್ಚೂ ಸುಡುತ್ತದೆ.

ಮೂರನೆಯದು ತೀರಾ ಸಣ್ಣದು, ಆದ್ದರಿಂದಲೇ ಕಣ್ಣಿಗೆ ಬೀಳದ್ದು. ಎಂಜಿನ್ ನಿಲ್ಲಿಸಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ತುಳಿಯಲಿ, ಇನ್ನೊಬ್ಬರು ಬಾನೆಟ್ ಎತ್ತಿ ಡೀಸೆಲ್ ಪಂಪಿನ ಅಥವಾ ಕಾರ್ಬೊರೇಟರಿನ ಲಿವರ್ ಕೊನೆಯವರೆಗೂ ಹೋಗುತ್ತದೆಯೇ ನೋಡಲಿ. ಸವೆದ ಕಡ್ಡಿ, ಹಿಗ್ಗಿದ ತಂತಿ, ಪೆಡಲಿನ ಕೆಳಗೆ ಸಿಕ್ಕಿಕೊಂಡ ಮ್ಯಾಟು, ಯಾವುದಾದರೂ ಅರ್ಧ ಶಕ್ತಿಯನ್ನೇ ತಡೆಹಿಡಿಯಬಲ್ಲದು.

ಉಸಿರಾಟ

ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಎರಡು ಸಾವಿರ ಲೀಟರಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ದಾರಿ ಕಟ್ಟಿಕೊಂಡರೆ ಡೀಸೆಲ್ ಅರೆಬೆಂದು ಕರಿಹೊಗೆ ಬರುತ್ತದೆ. ಹಳೆಯ ಜೀಪುಗಳ ಏರ್ ಕ್ಲೀನರಿನಲ್ಲಿ ಎಣ್ಣೆಯ ಬಟ್ಟಲಿರುತ್ತದೆ. ಬೇಸಗೆಯ ಧೂಳಿನಲ್ಲಿ ಅದು ಬೇಗ ಕೆಸರಾಗುತ್ತದೆ. ತೊಳೆದು ಗುರುತಿನ ಮಟ್ಟಕ್ಕೆ ಮಾತ್ರ ಹೊಸ ಎಣ್ಣೆ ಹಾಕಿ. ಹೆಚ್ಚು ಹಾಕಿದರೂ ಗಾಳಿಗೆ ತಡೆಯಾಗುತ್ತದೆ. ಕಾಗದದ ಫಿಲ್ಟರಾದರೆ ಬೆಳಕಿಗೆ ಹಿಡಿದು ನೋಡಿ. ಬಹುಕಾಲ ನಿಂತ ಗಾಡಿಯಲ್ಲಿ ಇಲಿಗಳು ಈ ಡಬ್ಬಿಯೊಳಗೆ ಗೂಡು ಮಾಡಿರುವುದೂ ಉಂಟು. ಪರೀಕ್ಷೆಗೆಂದು ಕೂಡ ಫಿಲ್ಟರಿಲ್ಲದೆ ಧೂಳು ರಸ್ತೆಯಲ್ಲಿ ಓಡಿಸಬೇಡಿ. ಬೋರನ್ನು ನಿಜವಾಗಿ ಹಾಳುಮಾಡುವುದು ಆ ಧೂಳೇ.

ಹೊರಗೆ ಬಿಡುವ ಉಸಿರೂ ಸರಾಗವಾಗಿರಬೇಕು. ಸೈಲೆನ್ಸರಿನ ಒಳಗಿನ ತಗಡು ತುಕ್ಕು ಹಿಡಿದು ಕಳಚಿ ಅಡ್ಡ ಬಿದ್ದರೆ ಹೊರಗಿನಿಂದ ಏನೂ ಕಾಣದು. ಮೆಕ್ಯಾನಿಕ್ ಸೈಲೆನ್ಸರಿನ ಮುಂದಿನ ಜೋಡಣೆಯನ್ನು ಸಡಿಲಿಸಿದಾಗ, ಸದ್ದಿನೊಂದಿಗೆ ಶಕ್ತಿಯೂ ಮರಳಿದರೆ ದೋಷ ಅಲ್ಲಿದೆ.

ಎಣ್ಣೆಯ ದಾರಿ

ಹೊರಟಾಗ ಚೆನ್ನಾಗಿ ಎಳೆದು, ಕೆಲವು ಕಿಲೋಮೀಟರಿನ ಮೇಲೆ ಸೋತು, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿಹೋಗುವ ಗಾಡಿಯಲ್ಲಿ ಮೊದಲು ಸಂದೇಹಿಸಬೇಕಾದದ್ದು ಡೀಸೆಲ್ ಬರುವ ದಾರಿಯನ್ನು. ಸವೆದ ಬೋರು ಹತ್ತು ನಿಮಿಷದಲ್ಲಿ ಸರಿಹೋಗುವುದಿಲ್ಲ. ಸೋತ ಕೂಡಲೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳಿಸಿ, ಗಾಡಿ ಚೇತರಿಸಿಕೊಂಡರೆ ಟ್ಯಾಂಕಿನ ಗಾಳಿರಂಧ್ರ ಕಟ್ಟಿದೆ. ಅದಲ್ಲವಾದರೆ ಟ್ಯಾಂಕಿನ ಜರಡಿ, ಫೀಡ್ ಪಂಪಿನ ಜಾಲರಿ, ಫಿಲ್ಟರುಗಳು, ಹಾಗೂ ಗಾಳಿ ನುಸುಳುವ ಹಳೆಯ ರಬ್ಬರ್ ಪೈಪುಗಳನ್ನು ಒಂದೊಂದಾಗಿ ನೋಡಬೇಕು.

ನೀರು ಮತ್ತು ಲೋಳೆ ಎಲ್ಲಿಂದ ಬರುತ್ತವೆ? ಪಂಪ್‌ಸೆಟ್ಟಿಗೆಂದು ಬ್ಯಾರೆಲ್ಲಿನಲ್ಲಿ ಡೀಸೆಲ್ ತಂದಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಿಲ್ಲಿಸಿದ ಬ್ಯಾರೆಲ್ಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಬಿದ್ದು, ರಾತ್ರಿ ತಣ್ಣಗಾದಾಗ ಬಿರಟೆಯ ಸಂದಿನಿಂದ ಆ ನೀರು ಒಳಗೆ ಎಳೆದುಕೊಳ್ಳಲ್ಪಡುತ್ತದೆ. ಡೀಸೆಲ್ಲಿಗಿಂತ ಭಾರವಾದ ನೀರು ತಳದಲ್ಲಿ ನಿಂತು, ಅವೆರಡೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಬ್ಯಾರೆಲ್ಲನ್ನು ಸೂರಿನಡಿ, ಎರಡೂ ಬಿರಟೆಗಳು ಸಮಮಟ್ಟದಲ್ಲಿರುವಂತೆ ಅಡ್ಡ ಮಲಗಿಸಿಡಿ. ತೆಗೆಯುವಾಗ ತಳದ ಡೀಸೆಲ್ಲನ್ನು ಗಾಡಿಗೆ ಹಾಕಬೇಡಿ.

ಪೆಟ್ರೋಲ್ ಕಾರು ಇಟ್ಟಿರುವವರು ಇನ್ನೊಂದು ವಿಷಯ ಗಮನಿಸಬೇಕು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಮುಟ್ಟಿದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆ. ಅದು ನೀರನ್ನೂ ಹೀರಿಕೊಳ್ಳುತ್ತದೆ. ಹಳೆಯ ಕಾರುಗಳ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗಾಗಿಸಬಹುದು. ಮಳೆಗಾಲವಿಡೀ ನಿಂತ ಕಾರಿನ ಹಳೆಯ ಪೆಟ್ರೋಲನ್ನು ತೆಗೆಸಿಬಿಡುವುದೇ ಮೇಲು. ಪ್ಲಗ್ಗು, ಪಾಯಿಂಟು, ಪ್ಲಗ್ ವೈರುಗಳ ಪರೀಕ್ಷೆ ಆ ಬಳಿಕ.

ಹೊಗೆಯ ಬಣ್ಣ

ಬಿಸಿಯಾದ ಎಂಜಿನ್ ಏರಿನಲ್ಲಿ ಬಿಡುವ ಹೊಗೆಯನ್ನು ಹಿಂದಿನಿಂದ ಒಬ್ಬರು ನೋಡಲಿ. ಕಪ್ಪಾದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು: ಏರ್ ಕ್ಲೀನರು, ನಾಝಲ್ಲು, ಪಂಪು ನೋಡಬೇಕು. ಹೊಗೆಯೇ ಇಲ್ಲದೆ ಸೋಲುತ್ತಿದ್ದರೆ ಡೀಸೆಲ್ ಸಾಲದೆ ಬರುತ್ತಿರಬಹುದು. ಬಿಳಿಯಾದರೆ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಟೈಮಿಂಗ್ ತಪ್ಪಿರಬಹುದು. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಗ ಮಾತ್ರ ರಿಂಗು, ಬೋರು, ವಾಲ್ವುಗಳ ಮಾತು ಬರುತ್ತದೆ. ಎಳೆತ ಸೋಲುವುದರ ಜೊತೆಗೆ ಎಂಜಿನ್ ಕಾಯುತ್ತಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಒಂದು ಎಚ್ಚರಿಕೆ: ನಾಝಲ್ಲಿಗೆ ಹೋಗುವ ಪೈಪಿನ ನಟ್ಟನ್ನು ಎಂಜಿನ್ ಓಡುವಾಗ ಸಡಿಲಿಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಗಬಲ್ಲದು. ಹಳೆಯ ಪಂಪಿನ ಗಾಡಿಗಳಲ್ಲಿ ಅದು ಅನುಭವಸ್ಥ ಮೆಕ್ಯಾನಿಕ್ಕಿನ ಕೆಲಸ. ಹೊಸ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಯಾರೂ ಮಾಡಬಾರದು.

ಬೋರ್ ಹೋಗಿದೆಯೆಂದು ತೀರ್ಮಾನಿಸುವುದು ಹೇಗೆ?

ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಆವಿ ಬರುವುದು ಸಹಜ. ಉಗಿಬಂಡಿಯಂತೆ ಬುಸುಬುಸು ಹೊಗೆ ಉಗುಳಿದರೆ, ಪಿಸ್ಟನ್ನಿನ ಪಕ್ಕದಿಂದ ಒತ್ತಡ ಕೆಳಗೆ ನುಸುಳುತ್ತಿದೆ. ಇದರೊಂದಿಗೆ ನೀಲಿ ಹೊಗೆ, ಆಯಿಲ್ ಬೇಗ ಇಳಿಯುವುದು, ಬೆಳಿಗ್ಗೆ ಸ್ಟಾರ್ಟಾಗಲು ತಕರಾರು, ಇವೆಲ್ಲ ಕೂಡಿದ್ದರೆ ಸಂದೇಹಕ್ಕೆ ಆಧಾರವಿದೆ.

ಆದರೂ ಬಿಚ್ಚುವ ಮುನ್ನ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಮೊದಲು ಟ್ಯಾಪೆಟ್ ಸಂದು ಸರಿಪಡಿಸಿ, ಚಾರ್ಜು ತುಂಬಿದ ಬ್ಯಾಟರಿಯಿಂದ ತಿರುಗಿಸಿ ನೋಡಬೇಕು. ನಾಲ್ಕೂ ಸಿಲಿಂಡರುಗಳ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅವು ಗಾಡಿಯ ಕೈಪಿಡಿಯಲ್ಲಿ ಹೇಳಿದ ಮಟ್ಟದಲ್ಲಿದ್ದು, ಒಂದಕ್ಕೊಂದು ಹತ್ತಿರವಿದ್ದರೆ ಬೋರಿನ ತಂಟೆಗೆ ಹೋಗುವ ಕಾರಣವಿಲ್ಲ. ಅಕ್ಕಪಕ್ಕದ ಎರಡು ಮಾತ್ರ ತೀರಾ ಕಡಿಮೆಯಾದರೆ ಹೆಡ್ ಗ್ಯಾಸ್ಕೆಟ್ಟನ್ನು ಸಂದೇಹಿಸಬೇಕು. ಒಂದೇ ಕಡಿಮೆಯಾದರೆ ಆ ಸಿಲಿಂಡರಿನ ವಾಲ್ವು ಅಥವಾ ರಿಂಗು. ಎಲ್ಲವೂ ತಗ್ಗಿದ್ದರೆ ಮಾತ್ರ ಪೂರ್ತಿ ಎಂಜಿನ್ ಕೆಲಸದ ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು. ಡೀಸೆಲ್ ಎಂಜಿನ್ನಿಗೆ ಹೀಗೆ ಆಯಿಲ್ ಹಾಕುವುದು ಅಪಾಯ.

ಮೆಕ್ಯಾನಿಕ್ಕಿನ ಬಳಿ ಹೋದಾಗ "ಎಳೆಯುವುದಿಲ್ಲ" ಎಂದಷ್ಟೇ ಹೇಳಿದರೆ ಅವರೂ ಊಹೆಯಿಂದಲೇ ಕೈಹಾಕಬೇಕಾಗುತ್ತದೆ. ಯಾವ ಏರು, ಯಾವ ಗೇರು, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಹೊಗೆ ಯಾವ ಬಣ್ಣ, ಆಯಿಲ್ ಎಷ್ಟು ದಿನಕ್ಕೆ ಎಷ್ಟು ಇಳಿಯಿತು, ಇವನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಡಿ. ಮಳೆ ನಿಂತು ಕೊಯ್ಲು ಶುರುವಾಗುವ ಮೊದಲು, ದೀಪಾವಳಿಯ ಆಸುಪಾಸಿನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮೇಲಿನ ಪರೀಕ್ಷೆಗಳನ್ನು ಮುಗಿಸಿದರೆ, ಹಣ್ಣು ತುಂಬಿದ ಗಾಡಿ ಏರಿನ ನಡುವೆ ನಿಂತು ಆಳುಗಳೆಲ್ಲ ಇಳಿದು ತಳ್ಳುವ ಪ್ರಸಂಗ ತಪ್ಪೀತು.