ಹೊಲಿದ ಹಡಗುಗಳ ನಾಡಿನಲ್ಲಿ

ಪ್ರವಾಸ ಹೊರಡುವವರಲ್ಲಿ ಹಲವು ಬಗೆ. ಗುಡಿಗೋಪುರಗಳನ್ನು ಅರಸಿ ಹೋಗುವವರುಂಟು. ಬೆಟ್ಟದ ಗಾಳಿಗಾಗಿ ಹೋಗುವವರುಂಟು. ಬರಿಯ ಅಂಗಡಿ ಬೀದಿಗಳಿಗಾಗಿ ಹೋಗಿಬರುವವರೂ ಇಲ್ಲದಿಲ್ಲ. ಇವರ ನಡುವೆ ಮರದ ದೋಣಿಯೊಂದನ್ನು ಕಂಡೊಡನೆ ಕಾಲು ಕಿತ್ತಿಡಲಾರದೆ ನಿಂತುಬಿಡುವ ಸಣ್ಣದೊಂದು ಗುಂಪೂ ಇದೆ. ಆ ಗುಂಪಿಗೆ ಸೇರಿದ ವಾಚಕರು ಒಮ್ಮೆಯಾದರೂ ನೋಡಿಬರಬೇಕಾದ ದೇಶ, ನಮ್ಮ ಪಡುಗಡಲಿನ ಆಚೆಯ ದಡದಲ್ಲಿರುವ ಒಮಾನ್.

ಒಮಾನಿನ ಬೆಟ್ಟಗಳು ಬೋಳು ಬೆಟ್ಟಗಳು. ದೊಡ್ಡ ಹಡಗಿಗೆ ಬೇಕಾದಷ್ಟು ಮರ ಅಲ್ಲಿ ಬೆಳೆಯದು. ಆದರೂ ಆ ಜನ ಶತಮಾನಗಳ ಕಾಲ ಹಡಗು ಕಟ್ಟಿದರು, ಆಫ್ರಿಕದ ಜಂಜಿಬಾರಿನವರೆಗೂ ನಡೆಸಿದರು. ಅವರಿಗೆ ತೇಗವನ್ನೂ ತೆಂಗಿನ ನಾರನ್ನೂ ಒದಗಿಸಿದ್ದು ನಮ್ಮ ಪಶ್ಚಿಮ ಕರಾವಳಿ. ಮಳೆಗಾಲದ ಗಾಳಿ ಒಂದು ದಿಕ್ಕಿಗೆ, ಚಳಿಗಾಲದ ಗಾಳಿ ಇನ್ನೊಂದು ದಿಕ್ಕಿಗೆ ಬೀಸುವ ಈ ಕಡಲಿನಲ್ಲಿ ಮರ, ನಾರು, ಅಕ್ಕಿ, ಖರ್ಜೂರಗಳು ಹೋಗಿ ಬಂದು ಎರಡು ದಡಗಳಿಗೂ ನಂಟು ಬೆಳೆಯಿತು.

ಯಾತ್ರೆಯನ್ನು ರಾಜಧಾನಿಯಾದ ಮಸ್ಕತ್ತಿನಿಂದಲೇ ಆರಂಭಿಸಬಹುದು. ನವೆಂಬರಿನಿಂದ ಮಾರ್ಚಿಯವರೆಗಿನ ತಿಂಗಳುಗಳು ಹಿತ. ಆಮೇಲೆ ಬಿಸಿಲು ಸಹಿಸಲಸಾಧ್ಯ. ನಗರದ ಅಲ್ ಬುಸ್ತಾನ್ ಎಂಬಲ್ಲಿ, ರಸ್ತೆಯ ವೃತ್ತದ ನಡುವೆ, ‘ಸೋಹಾರ್’ ಎಂಬ ಹಡಗು ನಿಂತಿದೆ. ಸಿಂದಬಾದನ ಕಥೆಗಳ ಹಿಂದೆ ನಿಜವಾದ ನಾವಿಕರ ಅನುಭವವಿದ್ದೀತೇ ಎಂದು ಪರೀಕ್ಷಿಸಹೊರಟ ಟಿಮ್ ಸೆವೆರಿನ್ ಎಂಬಾತ 1980ರಲ್ಲಿ ಸೂರ್ ಪಟ್ಟಣದಲ್ಲಿ ಕಟ್ಟಿಸಿದ ಹಡಗಿದು. ಇದರ ಹಲಗೆಗಳನ್ನು ಕೂಡಿಸಲು ಒಂದು ಕಬ್ಬಿಣದ ಮೊಳೆಯನ್ನೂ ಬಳಸಲಿಲ್ಲ. ಹಲಗೆಯ ಅಂಚಿಗೆ ಅಂಚು ಸೇರಿಸಿ, ಬೈರಿಗೆಯಿಂದ ತೂತು ಕೊರೆದು, ನೂರಾರು ಕಿಲೋಮೀಟರ್ ಉದ್ದದ ಕತ್ತದ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿದರು. ಹೊಲಿಯಬಲ್ಲ ಕೈಗಳು ಲಕ್ಷದ್ವೀಪದಿಂದ ಬಂದವು. ಮರ ಮಲಬಾರಿನಿಂದ ಬಂದಿತು. ಮಲೆಯಾಳಿಗಳು ಅಯನಿ ಎಂದು ಕರೆಯುವ ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಮಲೆನಾಡಿನ ಹೆಬ್ಬಲಸು. 1980ರ ನವೆಂಬರಿನಲ್ಲಿ ಮಸ್ಕತ್ತು ಬಿಟ್ಟ ಸೋಹಾರ್, ಕಲ್ಲಿಕೋಟೆ, ಸಿಂಹಳ, ಸುಮಾತ್ರಗಳನ್ನು ಹಾದು 1981ರ ಜುಲೈಯಲ್ಲಿ ಚೀನದ ಕ್ಯಾಂಟನ್ ಬಂದರನ್ನು ಮುಟ್ಟಿತು.

ಹೊಲಿದ ಹಡಗು ಬಾಳೀತೆ ಎಂಬ ಸಂಶಯ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಹೋರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ, ಇವು ತೀರ ಕೆಟ್ಟವು, ಬಹಳಷ್ಟು ಮುಳುಗುತ್ತವೆ ಎಂದು ಬರೆದಿಟ್ಟ. ಮುಂದಿನ ಶತಮಾನದ ಇಬನ್ ಬತೂತನ ಅಭಿಪ್ರಾಯವೇ ಬೇರೆ. ಬಂಡೆಗಳಿಂದ ತುಂಬಿದ ಈ ಕಡಲಿನಲ್ಲಿ ಮೊಳೆ ಹೊಡೆದ ಹಡಗು ತಾಗಿದರೆ ಒಡೆದುಹೋಗುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ಆತನ ಮತ. ಒಬ್ಬನು ದಡದಲ್ಲಿ ನಿಂತು ನೋಡಿ, ಹಡಗು ಹತ್ತಲೊಲ್ಲದೆ ನೆಲದ ಹಾದಿ ಹಿಡಿದವನು. ಇನ್ನೊಬ್ಬನು ಈ ಕಡಲುಗಳಲ್ಲೇ ವರ್ಷಗಟ್ಟಲೆ ತಿರುಗಿದವನು. ಯಾರ ಮಾತಿಗೆ ತೂಕ ಹೆಚ್ಚೆಂಬುದನ್ನು ವಾಚಕರೇ ನಿರ್ಣಯಿಸಲಿ.

ಮಸ್ಕತ್ತಿನಿಂದ ಕರಾವಳಿಯ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ಹೋದರೆ ಸೂರ್. ದಾರಿಯಲ್ಲಿ, ಸೂರಿಗೆ ಸ್ವಲ್ಪ ಮೊದಲು, ಕಲ್ಹಾತ್ ಎಂಬ ಪಾಳುಬಿದ್ದ ಬಂದರು ಸಿಗುತ್ತದೆ. ಇಬನ್ ಬತೂತನು ಸುಡುಬಿಸಿಲಿನಲ್ಲಿ ಕಾಲ್ನಡಿಗೆಯಿಂದ ಬಳಲಿ ಸೇರಿದ ಊರಿದು. ಈಗ ಬೀಬಿ ಮರ್ಯಮಳ ಗೋರಿಯೊಂದೇ ತಲೆಯೆತ್ತಿ ನಿಂತಿದೆ. 2018ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು.

ಸೂರ್ ಹಡಗು ಬಡಗಿಗಳ ತವರು. ಅಲ್ಲಿಯ ಹಿನ್ನೀರಿನ ಬಳಿ ‘ಫತಹ್ ಅಲ್ ಖೈರ್’ ಎಂಬ ಗಂಜಾ ಜಾತಿಯ ಹಡಗನ್ನು ಕಾಪಾಡಿ ಇಟ್ಟಿದ್ದಾರೆ. 1951ರಲ್ಲಿ ಇಲ್ಲಿಯೇ ಹುಟ್ಟಿ, ಕೈಯಿಂದ ಕೈಗೆ ಮಾರಿಹೋಗಿ, ಕೊನೆಗೆ ಯಮನ್ ದೇಶ ಸೇರಿದ್ದ ಇದನ್ನು 1993ರಲ್ಲಿ ಊರವರೇ ಹಣ ಕೂಡಿಸಿ ಮರಳಿ ತಂದರು. ಮಾರಿದ ಹೊಲವನ್ನು ಮೊಮ್ಮಕ್ಕಳು ಕೊಂಡುಕೊಂಡಂತೆ! ಅದರ ಹಿಂಬದಿಯ ಕೆತ್ತನೆಯನ್ನು ನಿಧಾನವಾಗಿ ನೋಡಬೇಕು. ಕಚ್ಛದ ಕೋಟಿಯಾ ಹಡಗನ್ನು ಬಲ್ಲವರಿಗೆ ಇದು ಅದರ ಒಡಹುಟ್ಟಿನಂತೆ ಕಾಣುತ್ತದೆ.

ಆದರೆ ನಿಜವಾದ ಆಸಕ್ತನು ಹೆಚ್ಚು ಹೊತ್ತು ಕಳೆಯಬೇಕಾದುದು ಹಡಗು ಕಟ್ಟೆಯಲ್ಲಿ. ಒಂದು ಕಾಲಕ್ಕೆ ದಡದುದ್ದಕ್ಕೂ ಬಾಚಿಯ ಸದ್ದು ಕೇಳುತ್ತಿದ್ದ ಊರಿನಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯ ಕೆಲಸ, ಅದರಲ್ಲಿಯೂ ದುರಸ್ತಿಯೇ ಬಹುಪಾಲು. ಮೀನುಗಾರರು ಹಗುರವಾದ ಫೈಬರ್ ದೋಣಿಗಳನ್ನು ಒಪ್ಪಿಕೊಂಡರೆಂದು ಅವರನ್ನು ದೂರುವಂತಿಲ್ಲ. ವರ್ಷವರ್ಷವೂ ಮೀನೆಣ್ಣೆ ಬಳಿಯುವ, ಸಂದು ತುಂಬುವ ಖರ್ಚು ಅವರಿಗೇ ಗೊತ್ತು. ಇಲ್ಲಿ ದುಡಿಯುವ ಬಡಗಿಗಳಲ್ಲಿ ಹಲವರು ಭಾರತದವರು. ಆದ್ದರಿಂದ ಮಾತಿಗೆ ಕಷ್ಟವಿಲ್ಲ. ಹಳೆಯ ಕ್ರಮದಲ್ಲಿ ಮೊದಲು ಹೊರಮೈಯ ಹಲಗೆಗಳನ್ನೇರಿಸಿ, ಅನಂತರ ಒಳಗೆ ಪಕ್ಕೆಲುಬು ಕೂಡಿಸುತ್ತಾರೆ. ನಕ್ಷೆಯಿಲ್ಲ, ಲೆಕ್ಕದ ಹಾಳೆಯಿಲ್ಲ. ಅಳತೆಯೆಲ್ಲ ಮೇಸ್ತ್ರಿಯ ಕಣ್ಣಿನಲ್ಲಿದೆ. ಆತ ಕಣ್ಣು ಮುಚ್ಚಿದನೆಂದರೆ ಆ ನಕ್ಷೆಯೂ ಮುಚ್ಚಿತು. ಕೆತ್ತನೆಯ ಹಡಗನ್ನು ಕಾಪಾಡಲು ಒಂದು ಚಪ್ಪರ ಸಾಕು. ಈ ಕಣ್ಣನ್ನು ಕಾಪಾಡಲು ಹೊಸ ಹಡಗೊಂದರ ಕೆಲಸವೇ ಬೇಕು.

ಸಮಯವುಳ್ಳವರು ಉತ್ತರದ ತುದಿಯ ಖಸಬಿಗೆ ಹೋಗಿ, ಅಲ್ಲಿಯ ಕೋಟೆಯಂಗಳದಲ್ಲಿ ಇರಿಸಿರುವ ಹಳೆಯ ದೋಣಿಗಳನ್ನು ನೋಡಬಹುದು. ದಕ್ಷಿಣದ ಸಲಾಲಾದಲ್ಲಿ ಅಲ್ ಬಲೀದ್ ಎಂಬ ಪ್ರಾಚೀನ ಬಂದರಿನ ಅವಶೇಷಗಳಿವೆ. ಅಲ್ಲಿಯ ಹಳೆಯ ಕಟ್ಟಡದಲ್ಲಿ, ಹೊಲಿಗೆಯ ತೂತುಗಳುಳ್ಳ ಹಡಗಿನ ಹಲಗೆಗಳು ದೊರೆತವು. ಸವೆದ ಹಡಗನ್ನು ಬಿಚ್ಚಿ ಮರವನ್ನು ಮನೆಗೆ ಬಳಸಿದ್ದರು. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ನೌಕಾಯಾನಕ್ಕೆಂದೇ ಒಂದು ವಿಭಾಗವಿದೆ.

ಹೊಲಿಗೆಯ ವಿದ್ಯೆ ಅಳಿದೇಹೋಯಿತೆಂದು ನಿಟ್ಟುಸಿರು ಬಿಡುವ ಮುನ್ನ ಒಂದು ಸಂಗತಿ ನೆನೆಯಬೇಕು. ಅಜಂತೆಯ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು, ಕೇರಳದ ಕುಶಲಿಗಳು ಗೋವೆಯಲ್ಲಿ ಹೊಲಿದ ‘ಕೌಂಡಿನ್ಯ’ ನೌಕೆ 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರನ್ನು ಬಿಟ್ಟು, ಎಂಜಿನಿನ ನೆರವಿಲ್ಲದೆ, 2026ರ ಜನವರಿಯಲ್ಲಿ ಮಸ್ಕತ್ತನ್ನು ತಲುಪಿತು. ಸೋಹಾರ್ ಹೊರಟ ಊರಿಗೆ ನಾಲ್ವತ್ತೈದು ವರ್ಷಗಳ ತರುವಾಯ ಈ ದಡದಿಂದ ಹೋದ ಮರುಭೇಟಿ ಎನ್ನಬಹುದು.

ಒಮಾನಿಗೆ ಹೋಗಿಬಂದವರು ಅಲ್ಲಿಂದ ತರಬೇಕಾದ ವಸ್ತುವೇನೂ ಇಲ್ಲ. ಊರಿಗೆ ಮರಳಿದ ಮೇಲೆ, ನಮ್ಮ ಹೊಳೆಬಾಯಿಯ ಮರಳಿನಲ್ಲಿ ಮಗುಚಿ ಹಾಕಿದ ಹಳೆಯ ಮರದ ದೋಣಿಯೊಂದನ್ನು ಕಂಡಾಗ, ಅದನ್ನು ಕಟ್ಟಿದವರು ಯಾರೆಂದು ಒಮ್ಮೆ ವಿಚಾರಿಸಿದರೆ ಸಾಕು. ಆ ಮನುಷ್ಯ ಇನ್ನೂ ಬದುಕಿರಬಹುದು.